ಸಾಯದವನ ಮೆಹರ್

೧೯೪೩ನೇ ಇಸವಿ ಮಾರ್ಚ್ ಹನ್ನೆರಡು, ಶುಕ್ರವಾರ, ಮಧ್ಯಾಹ್ನ ಎರಡು ಗಂಟೆ ಹತ್ತು ನಿಮಿಷ. ಮುಳಬಾಗಿಲಿನ ಕೆಳಗಿನ ಕೇರಿಯ ಮಸೀದಿಯಲ್ಲಿ ಜುಮ್ಮಾ ನಮಾಜು ಮುಗಿದು ಜನ ಮನೆಗೆ ಹೊರಟರು. ಒಂಬತ್ತು ಮಂದಿ ಗಂಡಸರು ಮಾತ್ರ ಹೊರಡಲಿಲ್ಲ. ಜಗಲಿಯ ಮೇಲೆ ಚಾಪೆ ಹಾಸಿಕೊಂಡು ಕೂತರು. ಜಗಲಿಯ ಕೊನೆಯಲ್ಲಿ, ಚಪ್ಪಲಿ ಬಿಡುವ ಕಡೆ, ಎರಡು ಕಂಬಗಳ ನಡುವೆ ಒಂದು ಗೋಣಿತಾಟು ಇಳಿಬಿಟ್ಟಿದ್ದರು. ಅದರ ಹಿಂದೆ ನೆಲದ ಮೇಲೆ ಅಸ್ಗರಿ ಕೂತಿದ್ದಳು. ಪಕ್ಕದಲ್ಲಿ ಅವಳ ಅತ್ತೆ ಬೀಬಿಜಾನ್. ಹಾಗೆ ನೋಡಿದರೆ ಈಗ ಅತ್ತೆಯೂ ಅಲ್ಲ. ಅಸ್ಗರಿಗೆ ಗಂಡ ಖುದ್ದೂಸ್ ತಲಾಖ್ ಕೊಟ್ಟು ನೂರಾ ಒಂದು ದಿನವಾಗಿತ್ತು.

ಜಮಾತಿನ ಮುಂದೆ ಒಂದು ಕಾಗದವಿತ್ತು. ಮುನ್ಷಿ ಅದನ್ನು ಮೊದಲೇ ಬರೆದು ತಂದಿದ್ದ. ತಲಾಖಿನ ನಂತರದ ಇದ್ದತ್ತಿನ ಮೂರು ತಿಂಗಳ ರಾಗಿ, ಬೇಳೆ, ಉಪ್ಪು ಕೊಟ್ಟಾಗಿದೆ. ಎರಡು ಸೀರೆ, ಒಂದು ತಾಮ್ರದ ಚೊಂಬು ಕೊಡಲಾಗುವುದು. ಮೆಹರ್ ಬಾಬತ್ತು ಏನೂ ಬಾಕಿ ಇಲ್ಲ. ಇನ್ನು ಮುಂದೆ ಅಸ್ಗರಿಗೆ ಖುದ್ದೂಸನ ಮೇಲೆ ಯಾವ ಹಕ್ಕೂ ಇಲ್ಲ. ಕೆಳಗೆ ಅವಳ ಹೆಬ್ಬೆಟ್ಟಿಗೆ ಜಾಗ ಬಿಟ್ಟಿತ್ತು.

ಮೆಹರ್ ಎಂದರೆ ನಿಕಾಹಿನ ದಿನ ಗಂಡ ಹೆಂಡತಿಗೆ ಕೊಡುತ್ತೇನೆಂದು ನಾಲ್ಕು ಜನರ ಮುಂದೆ ಒಪ್ಪಿ ಬರೆಸುವ ಹಣ. ಅಸ್ಗರಿಯದು ನೂರಿಪ್ಪತ್ತೈದು ರೂಪಾಯಿ. ತವರಿನಲ್ಲಿ ಅವಳಿಗೆ ಯಾರೂ ಉಳಿದಿರಲಿಲ್ಲ. ನೂಲು ತೆಗೆಯುವುದು ಬಿಟ್ಟರೆ ಬೇರೆ ಕೆಲಸ ಬರುತ್ತಿರಲಿಲ್ಲ. ಆ ಹಣವಿದ್ದರೆ ಒಂದು ಒಲೆ ಹೂಡಬಹುದು. ಇಲ್ಲದಿದ್ದರೆ ನಾಳೆಯಿಂದ ಇನ್ನೊಬ್ಬರ ಒಲೆಯ ಮುಂದೆ ದಿನಕ್ಕೆ ನಾಲ್ಕಾಣೆಗೆ ಕೂರಬೇಕು.

ಖುದ್ದೂಸನದು ರೇಷ್ಮೆ ನೂಲು ತೆಗೆಯುವ ಕಸುಬು. ಕಸುಬು ಅವನದು. ತೆಗೆಯುತ್ತಿದ್ದವಳು ಅಸ್ಗರಿ.

ಒಲೆಯ ಮೇಲೆ ತಾಮ್ರದ ಬಾಂಡ್ಲಿ. ಬಾಂಡ್ಲಿಯಲ್ಲಿ ಕುದಿಯುವ ನೀರು. ನೀರಿನಲ್ಲಿ ರೇಷ್ಮೆಗೂಡು. ಬೆಂದ ಗೂಡಿನ ಎಳೆಯ ತುದಿಯನ್ನು ಬೆರಳಿನಿಂದ ಹುಡುಕಬೇಕು. ಹದಿನೈದು ಇಪ್ಪತ್ತು ಎಳೆ ಸೇರಿಸಿ ಹೊಸೆದು ಚರಕಕ್ಕೆ ಕೊಡಬೇಕು. ಒಂದು ಎಳೆ ಕಡಿದರೆ ಮತ್ತೆ ನೀರಿಗೆ ಕೈ. ನೀರು ಆರಿದರೆ ಗೂಡು ಎಳೆ ಬಿಡುವುದಿಲ್ಲ. ಆದ್ದರಿಂದ ನೀರು ಆರುವಂತಿಲ್ಲ. ಅಲ್ಲಿ ಕೈ ಬೇಯುವುದು ಆಕಸ್ಮಿಕವಲ್ಲ, ಅದು ಕೆಲಸದ ಕ್ರಮ. ಎಳೆ ಬಿಟ್ಟ ಗೂಡಿನಿಂದ ಬೆಂದ ಹುಳು ಆಚೆ ಬರುತ್ತದೆ. ಅದರ ನಾತ ಮೊದಲು ಸೀರೆಗೆ ಹತ್ತುತ್ತದೆ, ಆಮೇಲೆ ಕೂದಲಿಗೆ, ಆಮೇಲೆ ಚರ್ಮಕ್ಕೆ. ಸೀಗೆಪುಡಿ ಹಾಕಿ ಉಜ್ಜಿದರೂ ಹೋಗುವುದಿಲ್ಲ.

೧೯೩೨ರಲ್ಲಿ ಅವಳು ಮದುವೆಯಾಗಿ ಬಂದಾಗ ಇದ್ದದ್ದು ಒಂದು ಒಲೆ. ಹೆತ್ತ ಎರಡು ಕೂಸುಗಳೂ ಉಳಿಯಲಿಲ್ಲ. ಎರಡನೆಯದನ್ನು ಮಣ್ಣು ಮಾಡಿದ ಐದನೆಯ ದಿನ ಅವಳು ಒಲೆಯ ಮುಂದೆ ಕೂತಳು, ಯಾಕೆಂದರೆ ಗೂಡು ಕಾಯುವುದಿಲ್ಲ. ಹತ್ತು ದಿನ ದಾಟಿದರೆ ಒಳಗಿನ ಹುಳು ಚಿಟ್ಟೆಯಾಗಿ ಗೂಡನ್ನು ತೂತು ಮಾಡಿ ಹಾರುತ್ತದೆ. ಎದೆಯ ಹಾಲು ರವಿಕೆ ನೆನೆಸುತ್ತಿತ್ತು. ಒಲೆಯ ಬಿಸಿಗೆ ಅದು ಅಲ್ಲೇ ಒಣಗುತ್ತಿತ್ತು.

ಆಮೇಲೆ ಯುದ್ಧ ಬಂತು. ವಿಮಾನದಿಂದ ಇಳಿಯುವ ಛತ್ರಿಗೆ ರೇಷ್ಮೆ ಬೇಕಾಯಿತು. ನೂಲಿನ ಬೆಲೆ ಏರಿತು. ಖುದ್ದೂಸನ ಒಲೆ ಎರಡಾಯಿತು, ನಾಲ್ಕಾಯಿತು. ಅವನು ಕೆಲಸ ಬಿಟ್ಟು ಕೆಲಸ ಮಾಡಿಸುವವನಾದ. ಅತ್ತರು ಹಚ್ಚತೊಡಗಿದ. ಅವಳ ಕೈಯ ಚಾ ಕುಡಿಯುವುದನ್ನು ನಿಲ್ಲಿಸಿದ. ಲೋಟದಲ್ಲಿ ಹುಳದ ನಾತ ಎಂದ.

ಡಿಸೆಂಬರ್ ಒಂದರ ಬೆಳಿಗ್ಗೆ ಅವನು ಷೆಡ್ಡಿನ ಬಾಗಿಲಿಗೆ ಬಂದ. ಒಳಗೆ ಬರಲಿಲ್ಲ. ಮೂಗಿಗೆ ರುಮಾಲು ಹಿಡಿದು ಆ ಮಾತನ್ನು ಮೂರು ಸಲ ಹೇಳಿದ. ಅಸ್ಗರಿಯ ಕೈ ನೀರಿನಲ್ಲಿತ್ತು. ಎಳೆ ಕಡಿದೀತೆಂದು ಮೂರನೆಯ ಸಲ ಮುಗಿಯುವವರೆಗೆ ಅವಳು ತಲೆ ಎತ್ತಲಿಲ್ಲ.

ತಲಾಖ್ ಆದ ಹೆಂಗಸು ಇದ್ದತ್ತಿನ ಮೂರು ತಿಂಗಳು ಪರಗಂಡಸರ ಕಣ್ಣಿಗೆ ಬೀಳದೆ ಮನೆಯೊಳಗಿರಬೇಕು. ಆ ಮೂರು ತಿಂಗಳು ಗಂಡನಾಗಿದ್ದವನು ಅವಳಿಗೆ ಊಟ ಹಾಕಬೇಕು. ಖುದ್ದೂಸ್ ಅದನ್ನು ಪಾಲಿಸಿದ. ಒಲೆಗೂ ಬಾಗಿಲಿಗೂ ನಡುವೆ ಒಂದು ತಾಟು ಕಟ್ಟಿಸಿದ. ಅದರ ಹಿಂದೆ ಅವಳು ಮೂರು ತಿಂಗಳು ನೂಲು ತೆಗೆದಳು. ಈಗ ಮಸೀದಿಯ ಜಗಲಿಗೆ ಕಟ್ಟಿದ್ದೂ ಅದೇ ತಾಟು. ಅದಕ್ಕೂ ಹುಳದ ನಾತ ಹಿಡಿದಿತ್ತು.

ಜಮಾತಿಗೆ ಹಿರಿಯ ನಬೀ ಸಾಬ್. ಗೂಡಿನ ವ್ಯಾಪಾರಿ. ಅರವತ್ತು ದಾಟಿದವನು. ಅವನ ಅಂಗಡಿ ಮಸೀದಿಗೆ ಅಂಟಿಕೊಂಡೇ ಇತ್ತು. ಅವನ ಎಡಕ್ಕೆ ಮಾಲೂರಿನಿಂದ ಬಂದಿದ್ದ ಓಬೇದುಲ್ಲಾ, ಹುಣಿಸೆಹಣ್ಣಿನ ಸಗಟು ವ್ಯಾಪಾರಿ. ಅವನ ಮಗಳನ್ನು ಖುದ್ದೂಸನಿಗೆ ಕೊಡುವ ಮಾತಾಗಿತ್ತು. ಮೊದಲನೆಯವಳ ಬಾಕಿ ಏನೂ ಇಲ್ಲವೆಂಬ ಕಾಗದ ಕೈಗೆ ಬಂದಮೇಲೆ ನಿಕಾಹು ಎಂದು ಅವನು ಹೇಳಿದ್ದ. ನೋಡದೆ ಒಂದು ಮೂಟೆಯನ್ನೂ ಕೊಳ್ಳದ ಮನುಷ್ಯ ಅವನು.

"ಶುರು ಮಾಡೋಣ" ಎಂದ ನಬೀ ಸಾಬ್. "ಖುದ್ದೂಸ್, ಮೆಹರಿನ ವಿಷಯ ಹೇಳು."

"ಮಾಫ್ ಆಗಿದೆ ಚಾಚಾ. ಅವಳೇ ಮಾಫ್ ಮಾಡಿದ್ದಾಳೆ. ಐದು ವರ್ಷದ ಕೆಳಗೆ. ನಮ್ಮಮ್ಮ ಇದ್ರು, ಅಕ್ಕಪಕ್ಕದ ಹೆಂಗಸರಿದ್ರು. ಮೂರು ಸಲ ಹೇಳಿದಾಳೆ."

"ಬೀಬಿಜಾನ್, ನಿಜವೇನಮ್ಮ?"

"ನಿಜ ಭಾಯ್" ಎಂದಳು ಬೀಬಿಜಾನ್ ತಾಟಿನ ಹಿಂದಿನಿಂದ. "ನನ್ನ ಕಿವಿಯಾರೆ ಕೇಳಿದೀನಿ."

ಬೆಳಿಗ್ಗೆ ಬೈರಮ್ಮ ಹೇಳಿದ್ದ ಮಾತು ಅಸ್ಗರಿಯ ನೆನಪಿಗೆ ಬಂತು. ಬೈರಮ್ಮ ಎರಡು ಮೈಲಿ ದೂರದ ಹಳ್ಳಿಯವಳು. ಗಂಡ ಸತ್ತಮೇಲೆ ಒಬ್ಬಳೇ ಹಿಪ್ಪುನೇರಳೆ ಬೆಳೆದು, ಹುಳು ಮೇಯಿಸಿ, ಗೂಡು ಹೊತ್ತು ತಂದು ಹಾಕುತ್ತಿದ್ದಳು. "ಇಲ್ಲಾಂತ ಏಳ್ಬಿಡು ಬೂಬಮ್ಮ" ಎಂದಿದ್ದಳು. "ಅಂದೇ ಇಲ್ಲ ಅನ್ನು. ಯಾವನ್ ಬರ್ಕೊಂಡವ್ನೆ? ಆ ಮುದುಕಿ ಏಳಿದ್ರೆ ಮುದುಕಿಗೆ ಅರಳು ಮರಳು ಅನ್ನು. ಅವ್ರು ಏಳೋ ಸುಳ್ಳಿಗೆ ನಿಂದೊಂದು ಸುಳ್ಳು, ಸರಿಗ್ ಸರಿ." ಈಗಲೂ ಬೈರಮ್ಮ ಮಸೀದಿಯ ಮೋಟುಗೋಡೆಯ ಆಚೆ, ಹೊಂಗೆಮರದ ಕೆಳಗೆ, ಖಾಲಿ ಬುಟ್ಟಿ ಬೋರಲು ಹಾಕಿಕೊಂಡು ಅದರ ಮೇಲೆ ಕೂತಿದ್ದಳು. ಊರಿಗೆ ಹೋಗಿರಲಿಲ್ಲ.

"ಅಸ್ಗರಿ, ಹೇಳಿದ್ದೀಯಾ?" ಎಂದು ನಬೀ ಸಾಬ್ ಕೇಳಿದ.

ಎಲ್ಲರೂ 'ಇಲ್ಲ' ಎಂಬ ಮಾತಿಗಾಗಿ ಕಾದಿದ್ದರು. ಅದಕ್ಕೆ ಉತ್ತರವನ್ನೂ ಸಿದ್ಧ ಮಾಡಿಕೊಂಡಿದ್ದರು.

"ಹೇಳಿದ್ದೆ" ಎಂದಳು ಅಸ್ಗರಿ.

ಅದು ೧೯೩೮ರ ಮಾತು. ಖುದ್ದೂಸನಿಗೆ ಹದಿನೇಳು ದಿನ ಜ್ವರ ಬಿಡಲಿಲ್ಲ. ಮೈ ಒಲೆಯ ಹಾಗೆ ಸುಡುತ್ತಿತ್ತು. ಮಾತು ತೊದಲಿತು, ಆಮೇಲೆ ನಿಂತಿತು. ಅಸ್ಗರಿ ಬೆಳ್ಳಿಯ ಕಾಲುಕಡಗ ಮಾರಿ ಹಕೀಮನನ್ನು ಕರೆಸಿದಳು. ಹಕೀಮ ನಾಡಿ ಹಿಡಿದು ನೋಡಿ, ಕೈ ಬಿಟ್ಟು, ಖುದಾನ ಹೆಸರು ಹೇಳಿ ಹೋದ. ಗಂಡಸರು ಹೆಣಕ್ಕೆ ಹೊದಿಸುವ ಕಫನಿನ ಬಟ್ಟೆಗೆ ಹೇಳಿಕಳಿಸಿದರು. ಹೆಂಗಸರು ಮಂಚದ ಸುತ್ತ ಸೇರಿದರು.

ಗಂಡ ಸಾಯುವ ಹೊತ್ತಿಗೆ ಹೆಂಡತಿ ಮೆಹರ್ ಮಾಫ್ ಮಾಡಬೇಕು. ಇಲ್ಲದಿದ್ದರೆ ಅವನು ಹೆಂಡತಿಯ ಸಾಲ ಹೊತ್ತುಕೊಂಡೇ ಗೋರಿಗೆ ಇಳಿಯುತ್ತಾನೆ. ಕಿತಾಬಿನಲ್ಲಿ ಹಾಗೆ ಬರೆದಿಲ್ಲ. ಗಂಡ ಬದುಕಿರುವಾಗಲೇ ಕೊಟ್ಟು ತೀರಿಸಬೇಕೆಂದು ಅಲ್ಲಿ ಬರೆದಿದೆ. ಮಾಫ್ ಮಾಡುವುದು ಕೇರಿಯ ರೂಢಿ. ಕೇರಿಯಲ್ಲಿ ಮೆಹರ್ ಕೊಟ್ಟ ಗಂಡಸನ್ನು ಅಸ್ಗರಿ ಕಂಡಿರಲಿಲ್ಲ. ಮಾಫ್ ಮಾಡದ ಹೆಂಗಸನ್ನೂ ಕಂಡಿರಲಿಲ್ಲ. ಬೀಬಿಜಾನ್ ಅವಳ ತಲೆಯನ್ನು ಮಂಚದ ಕಡೆ ಬಗ್ಗಿಸಿ ಹಿಡಿದು ಹೇಳಿದ್ದಳು: "ಹೇಳೇ. ನನ್ನ ಮಗ ಹಗುರಾಗಿ ಹೋಗ್ಲಿ. ಹೇಳೇ." ಅಸ್ಗರಿ ಹೇಳಿದಳು. ಒಂದು ಸಲ, ಎರಡು ಸಲ, ಮೂರು ಸಲ. ಬಲವಂತಕ್ಕೆ ಹೇಳಲಿಲ್ಲ. ಮನಸ್ಸಿನಿಂದಲೇ ಹೇಳಿದಳು. ಅವನ ಕಾಲು ಹಿಡಿದು ಅಳುತ್ತಾ ಹೇಳಿದಳು.

ಹದಿನೆಂಟನೆಯ ದಿನ ಬೆಳಿಗ್ಗೆ ಖುದ್ದೂಸ್ ಬೆವರಿದ. ಗಂಜಿ ಕೇಳಿದ.

"ಒಪ್ಪಿದಳಲ್ಲ" ಎಂದ ನಬೀ ಸಾಬ್. ಅವನಿಗೆ ಸಮಾಧಾನವಾಗಿತ್ತು. "ಸುಳ್ಳು ಹೇಳಲಿಲ್ಲ. ಒಳ್ಳೆ ಮನೆತನದ ಹೆಣ್ಣು. ಮುನ್ಷಿ, ಕಾಗದ ತಗೊಳ್ಳಿ."

"ಚಾಚಾ, ಒಂದು ಮಾತು ಕೇಳ್ತೀನಿ."

"ಕೇಳಮ್ಮ."

"ಯಾರಿಗೆ ಮಾಫ್ ಮಾಡಿದೆ ನಾನು?"

"ನಿನ್ನ ಗಂಡನಿಗೆ."

"ಸಾಯ್ತಾ ಇರೋ ಗಂಡನಿಗೆ ಮಾಡಿದೆ. ಅವನೆಲ್ಲಿ?"

"ಇಲ್ಲೇ ಕೂತಿದಾನಲ್ಲಮ್ಮ."

"ಇವನು ಸಾಯ್ತಾ ಇಲ್ಲ. ಮದುವೆಗೆ ಹೊರಟಿದಾನೆ."

ಗೋಡೆಯ ಆಚೆ ಬೈರಮ್ಮ ಗಟ್ಟಿಯಾಗಿ ನಕ್ಕಳು. ಜಗಲಿಯ ಮೇಲೂ ಒಬ್ಬ ಗಡ್ಡ ಸವರುವ ನೆಪದಲ್ಲಿ ಬಾಯಿ ಮುಚ್ಚಿಕೊಂಡ. ಬೀಬಿಜಾನ್ ಅಸ್ಗರಿಯ ತೊಡೆ ಚಿವುಟಿದಳು. "ಬಾಯಿ ಮುಚ್ಚೇ. ನಾನೂ ಮಾಫ್ ಮಾಡಿದೀನಿ. ಎಲ್ರೂ ಮಾಡ್ತಾರೆ."

"ನಿಮ್ಮೋರು ಮಾಫ್ ಮಾಡಿಸ್ಕೊಂಡು ಸತ್ತರು ಅಮ್ಮಾ" ಎಂದಳು ಅಸ್ಗರಿ. ಅವಳ ದನಿ ಏರಲಿಲ್ಲ. ದನಿ ಏರಿಸುವಷ್ಟು ಶಕ್ತಿ ಅವಳಲ್ಲಿ ಇರಲಿಲ್ಲ. ಹಿಂದಿನ ದಿನ ಸಂಜೆಯವರೆಗೂ ಅವಳು ಖುದ್ದೂಸನ ಒಲೆಯ ಮುಂದೆಯೇ ಕೂತಿದ್ದಳು. ಬಾಂಡ್ಲಿಯಲ್ಲಿ ಗೂಡು ಉಳಿದಿತ್ತು.

"ಚಾಚಾ, ಸಿಟ್ಟಾಗಬೇಡಿ. ನೀವೇ ಲೆಕ್ಕ ಹಾಕಿ. ಅವತ್ತಿನ ಮಾಫಿ ಇವತ್ತೂ ನಡೀಬೇಕು ಅಂದ್ರೆ ಅವನು ಸತ್ತ ಅಂತ ಹಿಡೀರಿ. ಸತ್ತ ಅಂದ್ರೆ ನಾನು ಬೇವಾ, ಗಂಡ ಸತ್ತೋಳು. ಬೇವಾಗೆ ಪಾಲಿದೆ. ನಮ್ಮ ಮಾವ ಸತ್ತಾಗ ಇದೇ ಜಗಲಿ ಮೇಲೆ ನೀವೇ ಓದಿದ್ರಿ, ನಾನು ಬಾಗಿಲ ಹಿಂದೆ ಕೂತು ಕೇಳಿದೆ. ಮಕ್ಕಳಿದ್ರೆ ಎಂಟರಲ್ಲಿ ಒಂದು, ಇಲ್ದಿದ್ರೆ ನಾಲ್ಕರಲ್ಲಿ ಒಂದು. ನನ್ನ ಎರಡೂ ಮಣ್ಣಿಗೆ ಹೋದ್ವು. ಅವನ ಹತ್ರ ನಾಲ್ಕು ಒಲೆ ಇದೆ. ಒಂದು ನಂದು. ಕೊಟ್ಬಿಡಿ. ಇಲ್ಲ, ಬದುಕಿದಾನೆ ಅಂತೀರಾ, ಮೆಹರ್ ಕೊಡಿ. ಸತ್ತಿದಾನಾ, ಬದುಕಿದಾನಾ? ಅದೊಂದು ತೀರ್ಮಾನ ಮಾಡಿ."

ಎಲ್ಲರೂ ಖುದ್ದೂಸನ ಕಡೆ ನೋಡಿದರು, ನಿಜಕ್ಕೂ ಬದುಕಿದ್ದಾನೋ ಇಲ್ಲವೋ ಎಂದು ಪರೀಕ್ಷೆ ಮಾಡುವವರ ಹಾಗೆ.

"ನೋಡಿದ್ರಾ ಚಾಚಾ" ಎಂದ ಖುದ್ದೂಸ್. ಅವನ ಮುಖ ಕೆಂಪಾಗಿತ್ತು. "ನನ್ನನ್ನ ಕೂತ ಕಡೇನೇ ಸಾಯಿಸ್ತಿದಾಳೆ. ಹುಳ ಬೇಯಿಸಿ ಬೇಯಿಸಿ ಕಲ್ತಿರೋ ಬುದ್ಧಿ ಇದು. ಇವಳ ಜೊತೆ ಹನ್ನೊಂದು ವರ್ಷ ಮೂಗು ಮುಚ್ಕೊಂಡು ಬಾಳಿದೀನಿ ನಾನು. ಬಾಯಿಂದ ಬಂದಿದ್ದು ಬಂತು. ಮಾಫಿ ವಾಪಸ್ ತಗೊಳ್ಳೋಕಾಗುತ್ತಾ?"

"ಆಗಲ್ಲ" ಎಂದ ನಬೀ ಸಾಬ್. ಅವನಿಗೆ ಈ ಮಾತು ಬೇಗ ಮುಗಿಯಬೇಕಾಗಿತ್ತು. "ಕೊಟ್ಟಿದ್ದು ಕೊಟ್ಟ ಹಾಗೇನೇ. ಮುನ್ಷಿ, ಹೆಬ್ಬೆಟ್ಟು ತಗೊಳ್ಳಿ. ಬೀಬಿಜಾನ್, ಅವಳ ಕೈ ಈ ಕಡೆ ಕೊಡಿಸಮ್ಮ."

ಬೀಬಿಜಾನ್ ಅಸ್ಗರಿಯ ಮುಂಗೈ ಹಿಡಿದಳು. ಅಸ್ಗರಿ ಎಳೆದುಕೊಂಡಳು. ಮುದುಕಿ ಎರಡೂ ಕೈಯಿಂದ ಹಿಡಿದು, ಮೊಣಕಾಲು ಊರಿ, ಆ ಕೈಯನ್ನು ತಾಟಿನ ಕೆಳಗಿನಿಂದ ಆಚೆಗೆ ತಳ್ಳಿದಳು.

ಜಗಲಿಯ ಮೇಲಿದ್ದವರಿಗೆ ಕಂಡದ್ದು ಒಂದು ಕೈ ಮಾತ್ರ. ಅಂಗೈ ಬೆಂದ ಅನ್ನದ ಹಾಗೆ ಬೆಳ್ಳಗಿತ್ತು. ಬೆರಳ ಸಂದಿಗಳಲ್ಲಿ ಚರ್ಮ ಸೀಳಿ ಒಳಗಿನ ಕೆಂಪು ತೋರುತ್ತಿತ್ತು. ಮೂರು ಬೆರಳಿಗೆ ಉಗುರಿರಲಿಲ್ಲ. ನಾತ ಚಾಪೆಯವರೆಗೂ ಬಂತು. ಹತ್ತಿರ ಕೂತಿದ್ದವನು ಹಿಂದಕ್ಕೆ ಸರಿದ. ಆ ಒಂಬತ್ತರಲ್ಲಿ ಆರು ಜನ ರೇಷ್ಮೆಯಿಂದಲೇ ಅನ್ನ ತಿನ್ನುವವರು. ಎಲ್ಲರ ಮನೆಯ ಹಿತ್ತಲಲ್ಲೂ ಇಂಥ ಕೈಗಳಿದ್ದವು. ಹೀಗೆ ಬೆಳಕಿನಲ್ಲಿ ಇಟ್ಟು ಯಾರೂ ನೋಡಿರಲಿಲ್ಲ.

ಮುನ್ಷಿ ಹೆಬ್ಬೆರಳಿಗೆ ಮಸಿ ಹಚ್ಚಿ ಕಾಗದದ ಮೇಲೆ ಒತ್ತಿದ. ಎತ್ತಿ ನೋಡಿದ. ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ನೋಡಿದ.

"ಗೆರೆ ಬಂದಿಲ್ಲ."

"ಮಸಿ ಜಾಸ್ತಿ ಆಯ್ತೇನೋ. ಇನ್ನೊಂದ್ಸಲ."

ಎರಡನೆಯ ಸಲ ಮಸಿ ಕಮ್ಮಿ ಮಾಡಿ ಒತ್ತಿದ. ಬಂದದ್ದು ಒಂದು ಕಪ್ಪು ಬೊಟ್ಟು. ನಡುಬೆರಳು ಒತ್ತಿದ. ತೋರುಬೆರಳು ಒತ್ತಿದ. ಒಂದರ ಪಕ್ಕ ಒಂದು ಬೊಟ್ಟು ಬಿತ್ತು. ಯಾವುದರಲ್ಲೂ ಗೆರೆ ಇರಲಿಲ್ಲ. ಬೆರಳ ತುದಿಯ ಗೆರೆಗಳು ಹುಟ್ಟುವ ಮೊದಲೇ ಮೂಡುತ್ತವೆ. ಒಬ್ಬರದು ಇನ್ನೊಬ್ಬರದನ್ನು ಹೋಲುವುದಿಲ್ಲ. ಸುಟ್ಟ ಚರ್ಮ ಮತ್ತೆ ಬೆಳೆದರೆ ಅವೇ ಗೆರೆಗಳು ಮರಳುತ್ತವೆ. ಆದರೆ ಮರಳುವುದಕ್ಕೆ ಚರ್ಮಕ್ಕೆ ಬಿಡುವು ಬೇಕು. ಹನ್ನೊಂದು ವರ್ಷದಲ್ಲಿ ಅಸ್ಗರಿಯ ಬೆರಳಿಗೆ ಅಷ್ಟು ಬಿಡುವು ಸಿಕ್ಕಿರಲಿಲ್ಲ.

ಓಬೇದುಲ್ಲಾ ಕೈ ಚಾಚಿದ. "ಎಲ್ಲಿ, ಇಲ್ಲಿ ಕೊಡಿ." ಕಾಗದವನ್ನು ಬೆಳಕಿಗೆ ಹಿಡಿದು ನೋಡಿದ. "ಇದು ಹೆಬ್ಬೆಟ್ಟಾ, ಹುಣಿಸೆಬೀಜಾನಾ? ನಾಳೆ ಇವಳು ಕೋಲಾರದ ಕೋರ್ಟಿಗೆ ಹೋಗಿ ಇದು ನನ್ನ ಬೆರಳೇ ಅಲ್ಲ ಅಂದ್ರೆ ನೀವು ಏನು ತೋರಿಸ್ತೀರಿ? ಈ ಕಾಗದ ನನಗೆ ಬೇಡ."

"ನಾವು ಇಷ್ಟು ಜನ ಸಾಕ್ಷಿ ಇಲ್ವೇ?" ಎಂದ ನಬೀ ಸಾಬ್.

"ಏನಕ್ಕೆ ಸಾಕ್ಷಿ? ಮುದುಕಿ ಕೈ ಹಿಡಿದು ತಳ್ಳಿದ್ದಕ್ಕೆ? ನಾನೂ ನೋಡಿದೆನಲ್ಲ. ಸಾಬರೇ, ಮಗಳನ್ನ ಕೊಡೋನು ನಾನು. ಅವಳು ಬಾಯಿಂದ ಹೇಳಲಿ. ಮೆಹರ್ ಬಾಕಿ ಇಲ್ಲ, ನನಗೆ ಹಕ್ಕಿಲ್ಲ ಅಂತ ಮೂರು ಸಲ ಹೇಳಲಿ. ಕೇಳಿ ನಾವೆಲ್ಲ ದಸ್ತಕತ್ತು ಹಾಕೋಣ."

ಬೀಬಿಜಾನ್ ಕೈ ಬಿಟ್ಟಳು. ಅಸ್ಗರಿ ಕೈಯನ್ನು ಒಳಗೆ ಎಳೆದುಕೊಂಡು ಮಸಿಯನ್ನು ಸೆರಗಿಗೆ ಒರೆಸಿದಳು. ಬಿರುಕುಗಳ ಒಳಗೆ ಹೋದ ಮಸಿ ಬರಲಿಲ್ಲ. ಉರಿಯುತ್ತಿತ್ತು.

"ಹೇಳಮ್ಮ" ಎಂದ ನಬೀ ಸಾಬ್.

"ಹೇಳಲ್ಲ."

"ಏನು?"

"ಹೇಳಲ್ಲ ಚಾಚಾ. ಒಂದು ಸಲ ಬಾಯಿ ಕೊಟ್ಟು ನೋಡಿದೆ. ಇನ್ನು ಕೊಡಲ್ಲ."

ಇಷ್ಟು ಹೊತ್ತು ಅವಳು ಖುದ್ದೂಸನ ಹೆಸರು ಹೇಳಿರಲಿಲ್ಲ. ಹನ್ನೊಂದು ವರ್ಷದಲ್ಲಿ ಒಂದು ಸಲವೂ ಹೇಳಿರಲಿಲ್ಲ. ಗಂಡನ ಹೆಸರು ಹೇಳಬಾರದು. ಈಗ ಅವನು ಗಂಡನಲ್ಲ ಎಂಬುದು ತಡವಾಗಿ ಹೊಳೆಯಿತು.

"ಖುದ್ದೂಸ್ ಬದುಕಿದಾನೆ" ಎಂದಳು. "ಖುದ್ದೂಸ್ ನನಗೆ ನೂರಿಪ್ಪತ್ತೈದು ರೂಪಾಯಿ ಕೊಡಬೇಕು."

ಜಗಲಿಯ ಮೇಲೆ ಗದ್ದಲವಾಯಿತು. ಒಬ್ಬ ಬೇಶರಂ, ಮಾನಗೆಟ್ಟವಳು ಎಂದ. ಇನ್ನೊಬ್ಬ, ಹೆಂಗಸರಿಗೆ ಒಲೆಯ ಕಾಸು ರುಚಿ ಹತ್ತಿದರೆ ಹೀಗೇ ಎಂದ. ನಬೀ ಸಾಬ್ ಕೈ ಎತ್ತಿ ಎಲ್ಲರನ್ನೂ ಸುಮ್ಮನಿರಿಸಿದ.

"ನೋಡಮ್ಮ, ಹಟ ಮಾಡಿದ್ರೆ ಜಮಾತಿನಿಂದ ಹೊರಗೆ ಹಾಕಬೇಕಾಗುತ್ತೆ. ಕಷ್ಟಕ್ಕೆ ಯಾರೂ ಬರಲ್ಲ. ನಾಳೆ ನೀನು ಸತ್ತರೆ ಮಣ್ಣು ಹಾಕೋಕೂ ಬರಲ್ಲ."

"ಬರಬೇಡಿ ಚಾಚಾ. ಸಾಯೋದಕ್ಕೆ ನಾನೇನೂ ಕೇಳ್ತಿಲ್ಲ. ಬದುಕೋದಕ್ಕೆ ಕೇಳ್ತಿದೀನಿ."

ಮೂರು ಗಂಟೆ ದಾಟಿತು. ಮೂರೂವರೆಯಾಯಿತು. ಬಿಸಿಲು ಜಗಲಿಯ ಮೇಲೆ ಏರಿ ಬಂದಂತೆ ಗಂಡಸರು ಚಾಪೆ ಹಿಂದಕ್ಕೆ ಎಳೆದುಕೊಂಡರು. ತಾಟಿನ ಕಡೆಗೆ ಬಿಸಿಲು ನೇರವಾಗಿ ಬೀಳುತ್ತಿತ್ತು. ಅಸ್ಗರಿ ಅಲ್ಲೇ ಇದ್ದಳು. ನೀರು ಕೇಳಲಿಲ್ಲ. ಯಾರೂ ಕೊಡಲಿಲ್ಲ. ಬೈರಮ್ಮ ಗೋಡೆಯ ಮೇಲಿಂದ ಚೊಂಬು ಚಾಚಿದಳು.

"ಯಾರದು ಅಲ್ಲಿ?" ಎಂದ ಒಬ್ಬ.

"ನಾನು ಸ್ವಾಮಿ, ಬೈರಮ್ಮ. ಗೂಡು ತರೋಳು. ನೀರು ಕೊಡೋಕೂ ನಿಮ್ ಪಂಚಾಯ್ತಿ ಅಪ್ಪಣೆ ಬೇಕಾ?"

"ಇದು ನಮ್ಮ ಜಮಾತಿನ ವಿಷಯ. ನೀನು ಹೋಗಮ್ಮ."

"ಓಗ್ತೀನಿ ಓಗ್ತೀನಿ. ನಂ ಕಟ್ಟೆಮನೆ ಪಂಚಾಯ್ತೀಲೂ ಇಂಗೇನೇ. ಕೂತ್ಕೊಳ್ಳೋರೆಲ್ಲ ಗಂಡಸ್ರು, ನಿಂತ್ಕೊಳ್ಳೋರೆಲ್ಲ ಎಂಗಸ್ರು. ನಾನೂ ನಿಂತಿದ್ದೆ, ನಂ ಮೈದ್ನ ಹೊಲ ಬರಸ್ಕೊಂಡಾಗ. ಬೂಬಮ್ಮ, ಕುಡಿ. ಇರೋಕೆ ನಂ ಕೊಟ್ಟಿಗೆ ಐತೆ, ಒಲೆ ಒಂದು ಈಸ್ಕೊ ನೀನು."

ಖುದ್ದೂಸ್ ನಬೀ ಸಾಬನ ಕಿವಿಯಲ್ಲಿ ಏನೋ ಹೇಳಿದ. ನಬೀ ಸಾಬ್ ತಲೆಯಾಡಿಸಿದ.

"ಆಯ್ತಮ್ಮ. ಜಮಾತಿನ ಮುಖ ನೋಡಿ ಖುದ್ದೂಸ್ ಅರ್ಧ ಕೊಡ್ತಾನಂತೆ. ಖೈರಾತು, ದಾನ ಅಂದ್ಕೋ. ಒಪ್ಕೊ."

"ಅರ್ಧ ಯಾಕೆ ಚಾಚಾ? ಅರ್ಧ ಸತ್ತಿದ್ನಾ?"

ಈ ಸಲ ಓಬೇದುಲ್ಲಾ ನಕ್ಕುಬಿಟ್ಟ. ಮಾವನಾಗಬೇಕಾದವನು ನಕ್ಕಿದ್ದು ಖುದ್ದೂಸನಿಗೆ ಎಲ್ಲಕ್ಕಿಂತ ಹೆಚ್ಚು ಚುಚ್ಚಿತು. ನಗು ಮುಗಿಸಿ ಓಬೇದುಲ್ಲಾ ಟೋಪಿ ಸರಿಮಾಡಿಕೊಂಡು ಹೇಳಿದ: "ಖುದ್ದೂಸ್ ಮಿಯಾ, ಐದು ಗಂಟೆಗೆ ಇದ್ದಿಲು ಗ್ಯಾಸಿನ ಬಸ್ಸು. ಅದು ತಪ್ಪಿದ್ರೆ ನಾನು ಇವತ್ತು ಊರು ಸೇರಲ್ಲ. ಕಾಗದ ಇಲ್ದಿದ್ರೆ ಮಗಳಿಲ್ಲ. ಇವಳು ಆಡಿದ ಮಾತು ನನ್ನ ಮಗಳ ಕಿವಿಗೆ ಬಿದ್ರೆ ನಾಳೆ ಅವಳೂ ಇದೇ ಲೆಕ್ಕ ಕೇಳ್ತಾಳೆ. ಕೊಟ್ಟು ಮುಗಿಸು."

"ಅಷ್ಟು ನಗದು ಎಲ್ಲಿದೆ ಮಾಮೂ? ಎಲ್ಲ ಗೂಡಿಗೆ ಹಾಕಿದೀನಿ. ನಿಕಾಹಿಗೂ ಬೇಕಲ್ಲ. ಐವತ್ತು ಇರಬಹುದು."

"ಮಿಕ್ಕಿದ್ದಕ್ಕೆ ಒಂದು ಒಲೆ ಸಾಮಾನು ಕೊಡು. ಬಾಂಡ್ಲಿ, ಚರಕ. ಅವಳು ಕೇಳ್ತಿರೋದೂ ಅದನ್ನೇ."

ಯುದ್ಧಕಾಲದಲ್ಲಿ ತಾಮ್ರ ಸಿಗುವುದೇ ಕಷ್ಟವಾಗಿತ್ತು. ಖುದ್ದೂಸ್ ಲೆಕ್ಕ ಹಾಕಿದ. ನಾಲ್ಕು ಬಾಂಡ್ಲಿಗಳಲ್ಲಿ ತೀರಾ ಹಳೆಯದು ಒಂದಿತ್ತು, ಮೊದಲನೆಯ ಒಲೆಯದು. ಮನಸ್ಸಿನಲ್ಲೇ ಅದನ್ನು ಆರಿಸಿ, "ಆಗಲಿ" ಎಂದ.

"ಒಪ್ಪಿಗೆಯೇನಮ್ಮ?" ಎಂದ ನಬೀ ಸಾಬ್. ಅವನಿಗೂ ದಣಿವಾಗಿತ್ತು.

ಅಸ್ಗರಿಗೆ ಗೆದ್ದೆ ಅನ್ನಿಸಲಿಲ್ಲ. ಮತ್ತೆ ಅದೇ ಒಲೆ, ಅದೇ ನೀರು, ಅದೇ ಹುಳು. ಆದರೆ ಬಾಗಿಲಲ್ಲಿ ರುಮಾಲು ಹಿಡಿದು ನಿಲ್ಲುವವನು ಇರುವುದಿಲ್ಲ. ಎಳೆ ಕಡಿದರೆ ತನ್ನದೇ ಕಡಿಯುತ್ತದೆ.

"ಸಾಮಾನು ಇಲ್ಲಿಗೆ ಬರಲಿ. ದುಡ್ಡೂ ಬರಲಿ. ಆಮೇಲೆ ಹೇಳ್ತೀನಿ. ಅದಕ್ಕೆ ಮೊದಲು ಖುದ್ದೂಸ್ ಒಂದು ಮಾತು ಹೇಳಬೇಕು. ನಾನು ಅವತ್ತು ಹೇಳಿದ ಹಾಗೆ ಮೂರು ಸಲ."

"ಏನಂತ?"

"ನಾನು ಸಾಯಲಿಲ್ಲ ಅಂತ."

"ಈ ಹುಚ್ಚು ಹೆಂಗಸಿನ—" ಎಂದು ಖುದ್ದೂಸ್ ಎದ್ದು ನಿಂತ.

"ಹೇಳ್ಬಿಡಯ್ಯಾ" ಎಂದ ಓಬೇದುಲ್ಲಾ. "ಅದು ನಿಜವೇ ತಾನೆ? ಬಸ್ಸಿಗೆ ಹೊತ್ತಾಯ್ತು."

ಖುದ್ದೂಸ್ ಸುತ್ತ ನೋಡಿದ. ಒಬ್ಬೊಬ್ಬರೂ ಮುಖ ಬೇರೆ ಕಡೆ ತಿರುಗಿಸಿದರು. ಅವನು ನೆಲ ನೋಡಿಕೊಂಡು ಹೇಳಿದ. "ನಾನು ಸಾಯಲಿಲ್ಲ." ಬೀಬಿಜಾನ್ ಸೆರಗು ಬಾಯಿಗಿಟ್ಟುಕೊಂಡಳು. "ಸಾಯಲಿಲ್ಲ." ಹಿಂದಿನ ಸಾಲಿನಲ್ಲಿ ಯಾರೋ "ಕೇಳಿಸಲಿಲ್ಲ" ಎಂದರು. "ಸಾಯಲಿಲ್ಲಾ!" ಎಂದು ಅವನು ಕಿರುಚಿದ.

ಇಬ್ಬರು ಕೂಲಿಯವರು ಚರಕ ಮತ್ತು ಬಾಂಡ್ಲಿ ಹೊತ್ತು ತಂದರು. ಬಾಂಡ್ಲಿಯ ತಳ ಇನ್ನೂ ಬೆಚ್ಚಗಿತ್ತು. ಚರಕದ ರಾಟೆಯಲ್ಲಿ ಯಾರೋ ತೆಗೆಯುತ್ತಿದ್ದ ನೂಲು ಅರ್ಧ ಸುತ್ತಿಕೊಂಡಿತ್ತು. ಖುದ್ದೂಸ್ ಅದನ್ನು ಬಿಚ್ಚಿಸಿ ಇಟ್ಟುಕೊಂಡ. ಐವತ್ತು ರೂಪಾಯಿಯನ್ನು ನಬೀ ಸಾಬ್ ತಾಟಿನ ಕೆಳಗೆ ಸರಿಸಿದ. ಬೈರಮ್ಮ ಗೋಡೆಯ ಹತ್ತಿರ ಬಂದು ಸಿಂಬಿ ಸುತ್ತತೊಡಗಿದಳು.

ಮುನ್ಷಿ ಹೊಸ ಕಾಗದ ತೆಗೆದ.

"ಬಾಂಡ್ಲಿ ತೂಕ ಹಾಕಿ" ಎಂದ ಓಬೇದುಲ್ಲಾ. "ನಾಳೆ ತಕರಾರು ಬೇಡ."

"ಹದಿನಾಲ್ಕು ಸೇರು ಅಂತ ಬರಿ" ಎಂದ ಖುದ್ದೂಸ್. "ಕಂಠದ ಮೇಲೆ ಕಂಚುಗಾರ ಹೊಡೆದಿರೋ ತೂಕದ ಗುರುತಿದೆಯಲ್ಲ. ನಮ್ಮಪ್ಪ ಮಾಡಿಸಿದ್ದು."

"ತೂಗಿ ಬರೀರಿ" ಎಂದಳು ಅಸ್ಗರಿ. "ಇದ್ದಷ್ಟು ಬರೀರಿ."

ನಬೀ ಸಾಬನ ಅಂಗಡಿಯಿಂದ ಗೂಡು ತೂಗುವ ತಕ್ಕಡಿ ಬಂತು. ಬಾಂಡ್ಲಿಯನ್ನು ಒಂದು ತಟ್ಟೆಗೆ ಕಟ್ಟಿದರು. ಇನ್ನೊಂದಕ್ಕೆ ಹದಿನಾಲ್ಕು ಸೇರಿನ ಕಲ್ಲು ಇಟ್ಟರು. ಕಲ್ಲಿನ ಕಡೆಯೇ ಕೆಳಗಿಳಿಯಿತು. ಮುನ್ಷಿ ಒಂದು ಸೇರು ತೆಗೆದ. ಆಗಲೂ ಕಲ್ಲಿನ ಕಡೆಯೇ ಭಾರ. ಇನ್ನೂ ಅರ್ಧ ಸೇರು ತೆಗೆದಮೇಲೆ ಮುಳ್ಳು ನೆಟ್ಟಗೆ ನಿಂತಿತು. ನಬೀ ಸಾಬ್ ಬಗ್ಗಿ ನೋಡಿದ. ತಟ್ಟೆ ಅದಲುಬದಲು ಮಾಡಿ ಇನ್ನೊಮ್ಮೆ ತೂಗಿಸಿದ. ಅಷ್ಟೇ ಬಂತು.

"ತಾಮ್ರ ಎಲ್ಲಿ ಹೋಯ್ತು?" ಎಂದ ಖುದ್ದೂಸ್. ಅವನಿಗೆ ಕೊನೆಗೂ ಒಂದು ಹಿಡಿ ಸಿಕ್ಕಿತ್ತು. "ಒಡೆದಿಲ್ಲ, ಸೀಳಿಲ್ಲ. ಎಲ್ಲಿ ಹೋಯ್ತು? ಕೆತ್ತಿ ಮಾರ್ಕೊಂಡಳಾ?"

"ತಿಕ್ಕಿದೆ" ಎಂದಳು ಅಸ್ಗರಿ.

ಹುಳದ ಎಣ್ಣೆ ಅಂಟಿದ ಬಾಂಡ್ಲಿಯಲ್ಲಿ ಮರುದಿನ ನೀರು ಕಾಸಿದರೆ ನೂಲು ಕಪ್ಪಾಗುತ್ತದೆ. ದಿನವೂ ಸಂಜೆ ಬೂದಿ, ಮರಳು, ಹುಣಿಸೆಸಿಪ್ಪೆ ಹಾಕಿ ತಳ ಕಾಣುವವರೆಗೆ ತಿಕ್ಕಬೇಕು. ಹನ್ನೊಂದು ವರ್ಷ ಅವಳೇ ತಿಕ್ಕಿದ್ದಳು. ಮುನ್ಷಿ ಲೆಕ್ಕಣಿಕೆಯನ್ನು ಮಸಿಗೆ ಅದ್ದಿ ಬರೆದ: ತಾಮ್ರದ ಬಾಂಡ್ಲಿ ಒಂದು, ತೂಕ ಹನ್ನೆರಡೂವರೆ ಸೇರು.